ಸಂತ್ರಸ್ತರ ಗಣನೆ: ಕರುಣೆಯೋ, ಕಾವಲೋ?

ಆಪತ್ತಿನಲ್ಲಿ ಸಿಲುಕಿದವನಿಗೆ ನೆರವಾಗಬೇಕೆಂಬ ವಿಷಯದಲ್ಲಿ ಯಾವ ಧರ್ಮಕ್ಕೂ ಭಿನ್ನಾಭಿಪ್ರಾಯವಿಲ್ಲ. ಆದರೆ ಹಾಗೆ ಸಿಲುಕಿದವನು ಒಬ್ಬನಾಗಿರದೆ ಲಕ್ಷಾಂತರ ಮಂದಿಯಾದಾಗ ನೆರವಿಗಿಂತ ಮುಂಚೆ ಲೆಕ್ಕ ಬೇಕಾಗುತ್ತದೆ. ಎಷ್ಟು ಜನ, ಎಲ್ಲಿದ್ದಾರೆ, ಅವರಲ್ಲಿ ಎಳೆಯ ಮಕ್ಕಳೆಷ್ಟು, ಬಸುರಿಯರೆಷ್ಟು, ನಡೆಯಲಾರದ ವೃದ್ಧರೆಷ್ಟು, ನಿನ್ನೆ ಇದ್ದವರು ಇಂದು ಎಲ್ಲಿಗೆ ಹೋದರು ಎಂಬುದು ತಿಳಿಯದೆ ಅಕ್ಕಿಯನ್ನಾಗಲಿ, ನೀರನ್ನಾಗಲಿ, ಔಷಧವನ್ನಾಗಲಿ ಸರಿಯಾಗಿ ಹಂಚಲಾಗದು. ಹೀಗೆ ತಿಳಿಯುವುದಕ್ಕಾಗಿ ಕೇಳುವ ಪ್ರಶ್ನೆಗಳೂ, ಬರೆದಿಡುವ ಉತ್ತರಗಳೂ, ಜನರ ಓಡಾಟದ ಮೇಲಿಡುವ ದೃಷ್ಟಿಯೂ ಎಲ್ಲಿಯವರೆಗೆ ಕರುಣೆಯಾಗಿ ಉಳಿಯುತ್ತವೆ, ಎಲ್ಲಿಂದ ಮುಂದೆ ಕಾವಲಾಗಿ ಪರಿಣಮಿಸುತ್ತವೆ ಎಂಬುದು ವಿಚಾರವಂತರು ಯೋಚಿಸಲೇಬೇಕಾದ ನೈತಿಕ ಪ್ರಶ್ನೆಯಾಗಿದೆ.

ಈ ಪ್ರಶ್ನೆಯ ಆಳವನ್ನು ಅರಿಯಲು ಕೆರಿಬಿಯನ್ ಸಮುದ್ರದ ಹೈಟಿ ದೇಶದ ಅನುಭವ ಉಪಯುಕ್ತವಾಗಿದೆ. 2010ರ ಜನವರಿ 12ರ ಸಂಜೆ ಆ ದೇಶದ ರಾಜಧಾನಿ ಪೋರ್ಟ್-ಔ-ಪ್ರಿನ್ಸ್ ಸಮೀಪದಲ್ಲಿ 7.0 ಪ್ರಮಾಣದ ಭೂಕಂಪ ಸಂಭವಿಸಿತು. ಸತ್ತವರು ಮೂರು ಲಕ್ಷಕ್ಕೂ ಮಿಗಿಲೆಂದು ಅಲ್ಲಿನ ಸರ್ಕಾರ ಹೇಳಿತು. ಅದಕ್ಕಿಂತ ಬಹಳ ಕಡಿಮೆಯಾದ ಅಂದಾಜುಗಳೂ ಇವೆ. ಬದುಕುಳಿದವರು ಶಾಲೆಯ ಅಂಗಳಗಳಲ್ಲಿ, ರಾಷ್ಟ್ರೀಯ ಅರಮನೆಯ ಎದುರಿನ ಬಯಲಿನಲ್ಲಿ, ಸಿರಿವಂತರ ಗಾಲ್ಫ್ ಮೈದಾನದಲ್ಲಿ ಬಟ್ಟೆ, ತಗಡು, ಟಾರ್ಪಾಲುಗಳ ಅಡಿಯಲ್ಲಿ ನೆಲೆ ಕಂಡರು. ಅದೇ ವರ್ಷದ ಜುಲೈ ವೇಳೆಗೆ ಸುಮಾರು 15 ಲಕ್ಷ ಜನ 1,500ಕ್ಕೂ ಹೆಚ್ಚು ಶಿಬಿರಗಳಲ್ಲಿ ವಾಸವಾಗಿದ್ದರು.

ಇವರೆಲ್ಲರ ನೆಲೆ ಮತ್ತು ಅಗತ್ಯಗಳನ್ನು ತಿಳಿಯುವ ಹೊಣೆಯನ್ನು ಅಂತಾರಾಷ್ಟ್ರೀಯ ವಲಸೆ ಸಂಸ್ಥೆ ವಹಿಸಿತು. ಇರಾಕಿನಲ್ಲಿ 2004ರಿಂದ ಬಳಕೆಗೆ ಬಂದ ಗಣನಾ ಪದ್ಧತಿಯೊಂದನ್ನು ಅದು ಹೈಟಿಯಲ್ಲಿ ವಿಸ್ತಾರವಾಗಿ ಅನುಸರಿಸಿತು. ಗಣತಿದಾರರು ಶಿಬಿರದಿಂದ ಶಿಬಿರಕ್ಕೆ ಹೋಗಿ ಕುಟುಂಬಗಳನ್ನು ಎಣಿಸುತ್ತಿದ್ದರು. ನೀರು ಎಲ್ಲಿಂದ ಬರುತ್ತದೆ, ಶೌಚಾಲಯಗಳೆಷ್ಟು, ವೈದ್ಯರು ಬರುತ್ತಾರೆಯೇ, ಜಾಗದ ಮಾಲೀಕರಾರು, ಅವರು ಒಕ್ಕಲೆಬ್ಬಿಸುವ ಬೆದರಿಕೆ ಹಾಕಿರುವರೇ ಎಂದು ಶಿಬಿರದ ಹಿರಿಯರನ್ನು ವಿಚಾರಿಸುತ್ತಿದ್ದರು. ಜನರು ಬರುತ್ತ ಹೋಗುತ್ತ ಇರುವುದರಿಂದ ಒಮ್ಮೆ ಎಣಿಸಿದರೆ ಮುಗಿಯದು. ಆದುದರಿಂದ ಇದೇ ಕೆಲಸವನ್ನು ಕೆಲವು ತಿಂಗಳಿಗೊಮ್ಮೆ ಮತ್ತೆ ಮತ್ತೆ ಮಾಡಬೇಕಾಯಿತು.

ಶಿಬಿರಕ್ಕೆ ಬಾರದೆ ಊರು ಬಿಟ್ಟವರ ಸುಳಿವು ಬೇರೊಂದು ಮಾರ್ಗದಿಂದ ದೊರೆಯಿತು. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಹಾಗೂ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 19 ಲಕ್ಷ ಮೊಬೈಲ್ ಸಿಮ್‌ಗಳು ಯಾವ ಯಾವ ಗೋಪುರದ ವ್ಯಾಪ್ತಿಯಿಂದ ಕರೆ ಮಾಡಿದವೆಂಬುದನ್ನು, ಬಳಕೆದಾರರ ಹೆಸರು ತಿಳಿಯದಂತೆ, ಪರಿಶೀಲಿಸಿದರು. ಭೂಕಂಪದ ದಿನ ರಾಜಧಾನಿಯಲ್ಲಿದ್ದವರ ಪೈಕಿ ಸುಮಾರು 6,30,000 ಜನ ಜನವರಿ ತಿಂಗಳ ಕೊನೆಯೊಳಗೆ ಅಲ್ಲಿಂದ ಹೊರಟುಹೋಗಿದ್ದರೆಂದು 2011ರಲ್ಲಿ ಪ್ರಕಟವಾದ ಅವರ ಅಧ್ಯಯನ ಅಂದಾಜಿಸಿತು. ಇವರಲ್ಲಿ ಹಲವರು ಬೇರೆ ಊರುಗಳಲ್ಲಿ ನೆಂಟರಿಷ್ಟರ ಮನೆ ಸೇರಿದ್ದರು. ಅವರನ್ನು ಉಣಿಸುತ್ತಿದ್ದ ಆ ಬಡಮನೆಗಳಿಗೂ ನೆರವು ಬೇಕಿತ್ತು.

ಈ ಉದಾಹರಣೆಯಿಂದ ಮೊದಲನೆಯ ಸತ್ಯವೊಂದು ಸ್ಪಷ್ಟವಾಗುತ್ತದೆ. ಲೆಕ್ಕವಿಲ್ಲದ ಕರುಣೆ ಕಣ್ಣಿಗೆ ಬಿದ್ದವರನ್ನಷ್ಟೇ ಕಾಣುತ್ತದೆ. ಹೆದ್ದಾರಿಯ ಬದಿಯ ಶಿಬಿರಕ್ಕೆ ಮೂರು ಸಂಸ್ಥೆಗಳ ಲಾರಿಗಳು ಬಂದು ನಿಲ್ಲುತ್ತವೆ. ಗುಡ್ಡದ ಹಿಂದಿನ ಶಿಬಿರಕ್ಕೆ ಒಂದೂ ಹೋಗುವುದಿಲ್ಲ. ಜೋರಾಗಿ ಕೇಳಬಲ್ಲವನಿಗೆ ಎರಡು ಕಂಬಳಿ ದೊರೆತರೆ, ಮೂಲೆಯಲ್ಲಿ ಮುದುಡಿ ಕುಳಿತ ವಿಧವೆಗೆ ಒಂದೂ ಇಲ್ಲ. ದಾನಿಯ ಮನಸ್ಸು ತೃಪ್ತವಾಯಿತೆಂದ ಮಾತ್ರಕ್ಕೆ ದಾನವು ಸತ್ಪಾತ್ರಕ್ಕೆ ಸಂದಿತೆಂದು ಹೇಳಲಾಗದು. ಆದುದರಿಂದ ಎಣಿಕೆಯೆಂಬುದು ಕರುಣೆಗೆ ವಿರೋಧಿಯಾದ ಶುಷ್ಕ ವ್ಯವಹಾರವೆಂಬ ಭಾವನೆ ಸರಿಯಲ್ಲ. ಬಹುಜನರ ವಿಷಯದಲ್ಲಿ ಅದು ನ್ಯಾಯದ ಅಂಗವೇ ಆಗಿದೆ.

ಆದರೆ ಇದರಿಂದ, ಎಷ್ಟು ತಿಳಿದರೆ ಅಷ್ಟು ಒಳ್ಳೆಯದು ಎಂಬ ನಿರ್ಣಯಕ್ಕೆ ಬರುವುದು ದುಡುಕಾದೀತು. ಯಾವ ಕರ್ತವ್ಯಕ್ಕೆ ಯಾವ ತಿಳಿವಳಿಕೆ ಬೇಕೆಂಬುದನ್ನು ವಿವೇಚಿಸಬೇಕು. ಪರಿಹಾರ ಕಾರ್ಯದಲ್ಲಿ ತೊಡಗಿದ ಸಂಸ್ಥೆಗಳು ಕೂಡಿ 1997ರಲ್ಲಿ ಆರಂಭಿಸಿದ ‘ಸ್ಫಿಯರ್’ ಎಂಬ ಯೋಜನೆಯು ಕನಿಷ್ಠ ಮಾನದಂಡಗಳನ್ನು ರೂಪಿಸಿದೆ. ಅದರ ಪ್ರಕಾರ ಒಬ್ಬ ವ್ಯಕ್ತಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನರಿಗೆ ಒಂದು ಶೌಚಾಲಯ, ಒಬ್ಬರಿಗೆ 3.5 ಚದರ ಮೀಟರ್ ಸೂರು ಇರತಕ್ಕದ್ದು. ಸಾವಿರ ಜನರ ಶಿಬಿರಕ್ಕೆ 15,000 ಲೀಟರ್ ನೀರು, 50 ಶೌಚಾಲಯ, 3,500 ಚದರ ಮೀಟರ್ ಸೂರು ಬೇಕೆಂದು ತಿಳಿಯಲು ಆ ಸಾವಿರ ಜನರಲ್ಲಿ ಒಬ್ಬರ ಹೆಸರೂ ಬೇಕಿಲ್ಲ. ಜಾತಿ, ಮತ, ಬೆರಳಚ್ಚುಗಳಂತೂ ಬೇಡವೇ ಬೇಡ. ತಾಯಿಯಿಂದ ಅಗಲಿದ ಮಗುವನ್ನು ಮತ್ತೆ ಸೇರಿಸಲು ಹೆಸರು ಬೇಕು. ಕ್ಷಯರೋಗಿಗೆ ತಪ್ಪದೆ ಔಷಧ ಕೊಡಲು ಹೆಸರು ಬೇಕು. ಎಲ್ಲಿ ಕರ್ತವ್ಯವು ಒಬ್ಬ ವ್ಯಕ್ತಿಗೆ ಸಲ್ಲಬೇಕೋ ಅಲ್ಲಿ ಆ ವ್ಯಕ್ತಿಯ ಗುರುತನ್ನು ಕೇಳುವುದು ಯುಕ್ತ. ಎಲ್ಲಿ ಅದು ಸಮೂಹಕ್ಕೆ ಸಲ್ಲಬೇಕೋ ಅಲ್ಲಿ ಸಂಖ್ಯೆಯೇ ಸಾಕು.

ಇಲ್ಲಿ ಒಪ್ಪಿಗೆಯ ಪ್ರಶ್ನೆ ಏಳುತ್ತದೆ. ಕೇಳಿದ್ದಕ್ಕೆ ಅವರೇ ಉತ್ತರ ಕೊಟ್ಟರಲ್ಲ, ಅವರೇ ಹೆಬ್ಬೆರಳು ಒತ್ತಿದರಲ್ಲ ಎಂದು ಸಮಾಧಾನ ಹೇಳುವವರುಂಟು. ಆದರೆ ಎರಡು ದಿನ ಉಪವಾಸವಿದ್ದ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಸಾಲಿನಲ್ಲಿ ನಿಂತ ತಾಯಿಗೆ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯ ನಿಜವಾಗಿ ಇದೆಯೇ? ಅನ್ನವು ಒಂದು ಕೈಯಲ್ಲೂ ಕಾಗದವು ಇನ್ನೊಂದು ಕೈಯಲ್ಲೂ ಇರುವಾಗ ದೊರೆಯುವ ಸಹಿಯು ಹಸಿವಿನ ಸಹಿಯೇ ಹೊರತು ಮನಸ್ಸಿನದಲ್ಲ. ಕೊಡದುದನ್ನು ತೆಗೆದುಕೊಳ್ಳುವುದು ಅದತ್ತಾದಾನವೆಂದೂ, ಅದೇ ಸ್ತೇಯವೆಂದೂ ಅಣುವ್ರತಗಳ ಪರಿಚಯವುಳ್ಳವರೆಲ್ಲ ಬಲ್ಲರು. ವ್ಯಕ್ತಿಯ ಗುರುತು, ಅವನ ರೋಗ, ಅವನ ಪೂರ್ವವೃತ್ತಾಂತಗಳೂ ಅವನ ಸ್ವತ್ತೇ ಆಗಿವೆ. ಭಯದಿಂದಲೋ ಹಸಿವಿನಿಂದಲೋ ಬಿಟ್ಟುಕೊಟ್ಟದ್ದನ್ನು ‘ದತ್ತ’ವೆಂದು ಭಾವಿಸುವಾಗ ಎಚ್ಚರಿಕೆ ಅವಶ್ಯ. ಉತ್ತರ ಕೊಡದಿದ್ದರೂ ಅನ್ನ ಸಿಗುವುದೆಂಬ ಭರವಸೆ ಇದ್ದಲ್ಲಿ ಮಾತ್ರ ಒಪ್ಪಿಗೆಗೆ ಅರ್ಥವುಂಟು.

ಹೀಗೆ ಸಂಗ್ರಹವಾದದ್ದು ಮುಂದೆ ಯಾರ ಕೈಸೇರುತ್ತದೆ ಎಂಬುದು ಇನ್ನೂ ಗಂಭೀರವಾದ ಸಂಗತಿ. 2017ರಲ್ಲಿ ಮ್ಯಾನ್ಮಾರಿನ ಸೇನೆಯ ಹಿಂಸೆಗೆ ಹೆದರಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶಕ್ಕೆ ಓಡಿಬಂದರು. ಇದು ಪ್ರಕೃತಿಯ ವಿಕೋಪವಲ್ಲದಿದ್ದರೂ ಶಿಬಿರದ ನೋಂದಣಿಯ ರೀತಿ ಒಂದೇ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯೊಡನೆ ನಡೆದ ನೋಂದಣಿಯ ವಿವರಗಳನ್ನು ಬಾಂಗ್ಲಾದೇಶವು, ಅವರು ಯಾರಿಂದ ತಪ್ಪಿಸಿಕೊಂಡು ಬಂದರೋ ಅದೇ ಮ್ಯಾನ್ಮಾರಿಗೆ ಒಪ್ಪಿಸಿತೆಂದೂ, ಅದರಲ್ಲಿ ಕನಿಷ್ಠ 8,30,000 ಹೆಸರುಗಳಿದ್ದವೆಂದೂ ‘ಹ್ಯೂಮನ್ ರೈಟ್ಸ್ ವಾಚ್’ ಸಂಘಟನೆ 2021ರ ಜೂನ್‌ನಲ್ಲಿ ವರದಿ ಮಾಡಿತು. ಜನರಿಗೆ ವಿವರಿಸಿ ಒಪ್ಪಿಗೆ ಪಡೆಯಲಾಗಿತ್ತೆಂದು ನಿರಾಶ್ರಿತರ ಸಂಸ್ಥೆ ಉತ್ತರಿಸಿತು. ತಮಗೆ ಹಾಗೆ ತಿಳಿಸಿರಲಿಲ್ಲವೆಂದು ಸಂಘಟನೆ ಭೇಟಿ ಮಾಡಿದ ನಿರಾಶ್ರಿತರಲ್ಲಿ ಹೆಚ್ಚಿನವರು ಹೇಳಿದರು. ಕೊಡುವವರು ಒಂದನ್ನು ತಿಳಿದು ಕೊಟ್ಟು, ಪಡೆದವರು ಇನ್ನೊಂದಕ್ಕೆ ಬಳಸುವ ಸಂಭವವಿರುವಲ್ಲಿ, ಒಪ್ಪಿಗೆ ಪತ್ರದಿಂದ ಮಾತ್ರ ಆತ್ಮಸಾಕ್ಷಿ ಸ್ವಚ್ಛವಾಗದು.

ದುರುದ್ದೇಶವಿಲ್ಲದವರ ಬಳಿಯೂ ಅಪಾಯವುಂಟು. ಯುದ್ಧ, ವಿಪತ್ತುಗಳಲ್ಲಿ ಅಗಲಿದ ಕುಟುಂಬಗಳನ್ನು ಸೇರಿಸುವುದು ರೆಡ್‌ಕ್ರಾಸ್ ಸಂಸ್ಥೆಯ ಬಹುಕಾಲದ ಪುಣ್ಯಕಾರ್ಯ. ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯು ಈ ಕಾರ್ಯಕ್ಕಾಗಿ ಇಟ್ಟಿದ್ದ 5,15,000ಕ್ಕೂ ಹೆಚ್ಚು ಜನರ ವಿವರಗಳಿಗೆ 2022ರ ಜನವರಿಯಲ್ಲಿ ಅಪರಿಚಿತರು ಗಣಕಯಂತ್ರಗಳ ಮೂಲಕ ಕನ್ನ ಹಾಕಿದ್ದು ಬೆಳಕಿಗೆ ಬಂದಿತು. ಒಳ್ಳೆಯ ಉದ್ದೇಶವು ಬೀಗವಾಗಲಾರದೆಂಬುದಕ್ಕೆ ಇದೇ ನಿದರ್ಶನ. ಸಂಗ್ರಹವೇ ಇಲ್ಲದಿದ್ದರೆ ಕನ್ನಕ್ಕೂ ಅವಕಾಶವಿಲ್ಲ. ಪರಿಗ್ರಹವು ಧನಧಾನ್ಯಗಳಿಗೆ ಮಾತ್ರ ಸಂಬಂಧಿಸಿದ್ದಲ್ಲವೆಂದು ಇಲ್ಲಿ ಕಾಣಬಹುದು. ಮುಂದೆಂದಾದರೂ ಉಪಯೋಗಕ್ಕೆ ಬಂದೀತೆಂದು ಪರರ ವೃತ್ತಾಂತವನ್ನು ಕೂಡಿಡುವುದೂ ಪರಿಗ್ರಹವೇ; ಅದರ ಭಾರವನ್ನು ಹೊರುವವರು ಮಾತ್ರ ಬೇರೆಯವರು.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಗುರುತು ಕೇಳದೆ ಕೊಟ್ಟರೆ ಮೋಸಕ್ಕೆ ದಾರಿಯಾಗದೇ? ಹೈಟಿಯಲ್ಲಿ ಯಾರೂ ವಾಸಿಸದ ಖಾಲಿ ಡೇರೆಗಳಿದ್ದದ್ದೂ, ಒಂದೇ ಕುಟುಂಬ ಎರಡು ಕಡೆ ಹೆಸರು ಹಚ್ಚಿದ್ದೂ ಉಂಟು. ಒಬ್ಬನು ಎರಡು ಪಾಲು ಪಡೆದರೆ ಅದು ಮತ್ತೊಬ್ಬ ಹಸಿದವನ ಪಾಲೇ ಆಗಿರುವುದರಿಂದ ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೂ ಎರಡು ಮಾತುಗಳನ್ನು ಗಮನಿಸಬೇಕು. ನಾಳೆ ಯಾವ ಶಿಬಿರವನ್ನು ಎತ್ತಿಸುವರೋ, ಯಾವುದಕ್ಕೆ ಧಾನ್ಯ ಬರುವುದೋ ತಿಳಿಯದ ಮನುಷ್ಯನು ಎರಡು ಕಡೆ ಡೇರೆ ಹಾಕುವುದು ಲೋಭಕ್ಕಿಂತ ಹೆಚ್ಚಾಗಿ ಭಯದ ಫಲ. ನೆರವು ನಿಶ್ಚಿತವಾದಷ್ಟೂ ಇಂಥ ಮೋಸ ತಾನಾಗಿ ಕಡಿಮೆಯಾಗುತ್ತದೆ. ಎರಡನೆಯದಾಗಿ, ಪರಿಶೀಲನೆಯು ವಸ್ತುವಿನ ಬೆಲೆಗೆ ತಕ್ಕುದಾಗಿರಬೇಕು. ಮನೆ ಕಟ್ಟಿಕೊಡುವಾಗ ದಾಖಲೆ ಕೇಳುವುದು ನ್ಯಾಯ. ಒಂದು ಹೊತ್ತಿನ ಗಂಜಿಗೆ ಕಣ್ಣಿನ ಪಾಪೆಯ ಛಾಯಾಚಿತ್ರ ಕೇಳುವುದು ನ್ಯಾಯವಲ್ಲ. ನೂರರಲ್ಲಿ ಒಬ್ಬ ಎರಡು ಬಾರಿ ಉಂಡಾನೆಂದು ತೊಂಬತ್ತೊಂಬತ್ತು ಮಂದಿಯನ್ನು ಕಳ್ಳರಂತೆ ಕಾಣುವುದು ದಾನದ ಮರ್ಯಾದೆಗೆ ತಕ್ಕುದಲ್ಲ.

ಕೊನೆಯದಾಗಿ, ಸಂಖ್ಯೆಯು ಸತ್ಯದ ಒಂದು ಮುಖ ಮಾತ್ರವೆಂಬುದನ್ನು ಮರೆಯಬಾರದು. ಹೈಟಿಯ ಶಿಬಿರಗಳಲ್ಲಿದ್ದ 15 ಲಕ್ಷ ಜನ 2011ರ ಮಾರ್ಚ್ ವೇಳೆಗೆ ಸುಮಾರು 6,80,000ಕ್ಕೆ ಇಳಿದರು. ಕಾಗದದ ಮೇಲೆ ಇದು ಸಂತೋಷದ ವಾರ್ತೆ. ಆದರೆ ಹೋದವರೆಲ್ಲ ಮನೆ ಸೇರಿದರೇ? ಕೆಲವರಿಗೆ ಬಾಡಿಗೆಯ ಹಣ, ತಾತ್ಕಾಲಿಕ ಮನೆ ದೊರೆತದ್ದು ನಿಜ. ಹಲವರನ್ನು ಜಾಗದ ಮಾಲೀಕರು ಹೊರದೂಡಿದ್ದರು. ಮಳೆ, ಕೆಸರು, 2010ರ ಅಕ್ಟೋಬರಿನಲ್ಲಿ ತೊಡಗಿದ ಕಾಲರಾದ ಭೀತಿಗಳಿಂದ ಹಲವರು ಬಿರುಕುಬಿಟ್ಟ ಗೋಡೆಗಳ ಮನೆಗಳಿಗೇ ಮರಳಿದ್ದರು. 2013ರಲ್ಲಿ ರಾಜಧಾನಿಯ ಉತ್ತರದ ಕನಾನ್, ಜೆರುಸಲೆಮ್, ಒನಾವಿಲ್ ಎಂಬ ಮೂರು ನೆಲೆಗಳು ಹೊಸ ಬಡಾವಣೆಗಳಂತಾಗಿವೆಯೆಂದು ಸರ್ಕಾರದ ಕೋರಿಕೆಯಂತೆ ಅವನ್ನು ಶಿಬಿರಗಳ ಪಟ್ಟಿಯಿಂದ ತೆಗೆಯಲಾಯಿತು. ಸುಮಾರು 54,000 ಜನ ಒಂದು ಹೆಜ್ಜೆಯನ್ನೂ ಇಡದೆ ಸಂತ್ರಸ್ತರ ಲೆಕ್ಕದಿಂದ ಹೊರಗಾದರು. ಅವರು ಅಲ್ಲಿ ನೆಲೆಯೂರುತ್ತಿದ್ದರೆಂಬ ಮಾತಿನಲ್ಲಿ ಸತ್ಯಾಂಶವಿತ್ತು. ಅವರಿಗಿನ್ನೂ ನೀರು, ರಸ್ತೆ, ಭೂಮಿಯ ಹಕ್ಕುಗಳು ಬೇಕಿದ್ದವೆಂಬುದೂ ಅಷ್ಟೇ ಸತ್ಯ. ಒಂದು ದೃಷ್ಟಿಯಿಂದ ನಿಜವಾದದ್ದನ್ನೇ ಪೂರ್ಣಸತ್ಯವೆಂದು ಸಾರುವುದು ಏಕಾಂತವಾದ. ಶಿಬಿರ ಬರಿದಾಯಿತೆಂದರೆ ಕಷ್ಟ ತೀರಿತೆಂದಲ್ಲ. ಜನ ಎಲ್ಲಿಗೆ, ಏಕೆ ಹೋದರೆಂದು ಕೇಳಿದಾಗಲೇ ಲೆಕ್ಕ ಪೂರ್ತಿಯಾಗುವುದು.

ಹಾಗಾದರೆ ಮಾರ್ಗವೇನು? ವಸ್ತುವನ್ನು ತೆಗೆದುಕೊಳ್ಳುವಾಗಲೂ ಇಡುವಾಗಲೂ ಜೀವಬಾಧೆಯಾಗದಂತೆ ನೋಡಿ ನಡೆಯುವುದು ಆದಾನನಿಕ್ಷೇಪಣ ಸಮಿತಿ. ಬೇಡವಾದುದನ್ನು ತ್ಯಜಿಸುವಾಗ ಅದೇ ಎಚ್ಚರವಿರುವುದು ಉತ್ಸರ್ಗ ಸಮಿತಿ. ಮುನಿಗಳಿಗಾಗಿ ಹೇಳಿದ ಈ ಎಚ್ಚರಿಕೆಗಳ ಭಾವವು ಪರರ ವಿವರಗಳನ್ನು ಕೈಗೆತ್ತಿಕೊಳ್ಳುವವರಿಗೂ ಅನ್ವಯಿಸುತ್ತದೆ. ಅಗತ್ಯವಾದಷ್ಟನ್ನೇ ಕೇಳುವುದು, ಏಕೆ ಕೇಳುತ್ತಿದ್ದೇವೆಂದು ಅವರ ಭಾಷೆಯಲ್ಲಿ ತಿಳಿಸುವುದು, ಕೆಲಸಕ್ಕೆ ಬೇಕಾದವರ ಹೊರತು ಬೇರೆಯವರಿಗೆ ತೋರಿಸದಿರುವುದು, ಕೆಲಸ ಮುಗಿದ ಮೇಲೆ ಹೆಸರುಗಳನ್ನು ಅಳಿಸಿಬಿಡುವುದು, ಕೇಳಿ ತಿಳಿದ ಅಗತ್ಯವನ್ನು ಪೂರೈಸುವುದು ಇವೇ ಅದರ ಸಾರ. ಈ ಕೊನೆಯದನ್ನು ಒತ್ತಿ ಹೇಳಬೇಕು. ಶೌಚಾಲಯವಿಲ್ಲವೆಂದು ಮೂರು ಬಾರಿ ಬರೆದುಕೊಂಡು ಹೋಗಿ ಒಂದನ್ನೂ ಕಟ್ಟಿಸದಿದ್ದರೆ ಆ ಪ್ರಶ್ನೆಯೇ ಒಂದು ಹಿಂಸೆಯಾಗುತ್ತದೆ.

ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ, 2019ರ ಆಗಸ್ಟ್‌ನಲ್ಲಿ ಕೃಷ್ಣಾ ತೀರದ ಊರುಗಳು ಜಲಾವೃತವಾದಾಗ ಗಂಜಿಕೇಂದ್ರಗಳನ್ನು ತೆರೆಯಬೇಕಾಯಿತು. ಇಂಥ ಸಂದರ್ಭಗಳಲ್ಲಿ ಬಸದಿಗಳ ಟ್ರಸ್ಟುಗಳೂ ಸಮಾಜದ ಕಲ್ಯಾಣ ಮಂಟಪಗಳೂ ತಮ್ಮ ಬಾಗಿಲನ್ನು ತೆರೆದಾಗ ಮೇಜಿನ ಮೇಲೆ ಒಂದು ಪುಸ್ತಕ ಇರುವುದು ಸಹಜ. ಅದರಲ್ಲಿ ಯಾವ ಅಂಕಣಗಳಿರಬೇಕು, ಅದನ್ನು ಯಾರು ಇಟ್ಟುಕೊಳ್ಳಬೇಕು, ಎಂದು ಅದನ್ನು ನಾಶಪಡಿಸಬೇಕು ಎಂಬುದನ್ನು ವಿಶ್ವಸ್ತರು ವಿಪತ್ತು ಬರುವ ಮುನ್ನವೇ ನಿಶ್ಚಯಿಸಿಕೊಳ್ಳುವುದು ಒಳಿತು. ಸಾಲಿನಲ್ಲಿ ನಿಂತವರ ಛಾಯಾಚಿತ್ರವನ್ನು ದಾನಿಗಳ ತೃಪ್ತಿಗಾಗಿ ತೆಗೆಯುವ ಮುನ್ನವೂ ಇದೇ ವಿವೇಕ ಬೇಕು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೊದಲಿನೆರಡನ್ನು ನೀಡುವ ಕೈ ನಾಲ್ಕನೆಯದನ್ನು ಕಸಿದುಕೊಳ್ಳಬಾರದು. ಉಂಡು ಹೊರಟವನು ತನ್ನ ಹೆಸರು ಎಲ್ಲಿ ಉಳಿಯಿತೋ ಎಂಬ ಅಂಜಿಕೆಯಿಲ್ಲದೆ ಹೊರಟರೆ, ಆ ದಾನವು ಪರಿಪೂರ್ಣವಾಯಿತೆಂದು ಧೈರ್ಯವಾಗಿ ಹೇಳಬಹುದು.