ಯತ್ನವೂ ಯದೃಚ್ಛೆಯೂ

ಪುರುಷಪ್ರಯತ್ನ ಹೆಚ್ಚೋ ದೈವ ಹೆಚ್ಚೋ ಎಂಬುದು ಅರಳಿಕಟ್ಟೆಯಿಂದ ಶಾಲೆಯ ಚರ್ಚಾಕೂಟದವರೆಗೆ ಸವೆದುಹೋದ ಪ್ರಶ್ನೆ. ನಮ್ಮ ಮೂಕಂಡಪಲ್ಲಿಯ ಮಕ್ಕಳೂ ಇದರ ಮೇಲೆ ಎರಡು ಪಕ್ಷಗಳಾಗಿ ವಾದಿಸಬಲ್ಲರು. ಆದರೆ ಇದೇ ಪ್ರಶ್ನೆ ಭೌತವಿಜ್ಞಾನಿಗಳ ಪ್ರಯೋಗಶಾಲೆಯಲ್ಲಿ ಬೇರೊಂದು ವೇಷದಲ್ಲಿ ಎದುರಾಗಿದೆ. ಅಲ್ಲಿಯೇ ಅದನ್ನು ಪರಿಶೀಲಿಸುವುದು ಲೇಸೆಂದು ನಮಗೆ ತೋರುತ್ತದೆ.

ನಿಸರ್ಗದಲ್ಲಿ ಸಾಕಷ್ಟು ಪ್ರಮಾಣದಲ್ಲಿ ದೊರೆಯುವ ಮೂಲವಸ್ತುಗಳಲ್ಲಿ ಅತ್ಯಂತ ಭಾರವಾದುದು ಯುರೇನಿಯಂ; ಅದರ ಪರಮಾಣುಬೀಜದಲ್ಲಿ 92 ಪ್ರೋಟಾನುಗಳಿವೆ. ಅದಕ್ಕಿಂತ ಬಹಳ ಭಾರವಾದುವು ಬೇಕಾದರೆ ಎರಡು ಬೀಜಗಳನ್ನು ಡಿಕ್ಕಿ ಹೊಡೆಸಿ ಬೆಸೆಯಬೇಕು. ಸತುವಿನ 30, ಬಿಸ್ಮತ್ತಿನ 83, ಕೂಡಿದರೆ 113. ಲೆಕ್ಕ ಚಿಕ್ಕ ಮಗುವಿಗೂ ಸುಲಭ, ಪ್ರಕೃತಿಗೆ ಸುಲಭವಲ್ಲ.

ಒಂದನ್ನೊಂದು ತಾಗಿದ ಬೀಜಗಳು ಒಡನೆಯೇ ಒಂದಾಗುವುದಿಲ್ಲ. ಬಂದ ವೇಗವು ಒಳಗೆ ಶಾಖವಾಗಿ ಕರಗಿಹೋಗುತ್ತದೆ. ಮುಂದೆ ಇನ್ನೊಂದು ದಿಬ್ಬ ನಿಂತಿರುತ್ತದೆ. ಅಲ್ಲಿಂದಾಚೆಗೆ ಆ ಜೋಡಿಯದು ಗೊತ್ತುಗುರಿಯಿಲ್ಲದ ಅಲೆದಾಟ. ನಿಶ್ಚಲವಾದ ನೀರಿನಲ್ಲಿ ಬಿದ್ದ ಶಾಯಿಯ ಹನಿ ಇಂಥ ಅಲೆದಾಟದಿಂದಲೇ ಹರಡುತ್ತದೆ. ಪಠ್ಯಪುಸ್ತಕದಲ್ಲಿ ಇದಕ್ಕೆ ವಿಸರಣವೆಂದು ಹೆಸರು. ಬಹುಪಾಲು ಜೋಡಿಗಳು ಹಿಂದಕ್ಕೆ ಜಾರಿ ಬೇರೆಯಾಗುತ್ತವೆ. ಎಲ್ಲೋ ಒಂದು ದಿಬ್ಬವನ್ನು ದಾಟುತ್ತದೆ.

ಇನ್ನಷ್ಟು ರಭಸದಿಂದ ಹೊಡೆಯಬಾರದೇಕೆ? ಹೊಡೆದರೆ ಶಾಖ ಹೆಚ್ಚಿ, ಬೆಸೆದುಕೊಂಡ ಬೀಜವೂ ಒಡೆದುಹೋಗುತ್ತದೆ. ಮೆಲ್ಲನೆ ಹೊಡೆದರೋ, ಶಾಖ ಸಾಲದೆ ಅಲೆದಾಟವೇ ಕುಂದಬೇಕು. ಇಲ್ಲಿ ಕ್ವಾಂಟಂ ನಿಯಮ ಕೈಹಿಡಿಯುತ್ತದೆ. ಶಾಖ ತಗ್ಗಿದರೂ ನಿಲ್ಲದಿರುವ ಒಂದು ಚಾಂಚಲ್ಯ ವಸ್ತುವಿನ ಸ್ವಭಾವದಲ್ಲಿಯೇ ಇದೆ. ಅದನ್ನೂ ಲೆಕ್ಕಕ್ಕೆ ಹಿಡಿದರೆ ದಿಬ್ಬ ದಾಟುವ ಸಂಭವ ಹೆಚ್ಚುತ್ತದೆಂದು ಸಿದ್ಧಾಂತಿಗಳು ತೋರಿಸಿದ್ದಾರೆ. (ಬೀಜ ಒಡೆಯುವಾಗ ಎರಡು ಹೋಳುಗಳ ನಡುವೆ ಕಣಗಳು ಯದೃಚ್ಛೆಯಾಗಿ ಅತ್ತಿತ್ತ ಹೋಗಿಬರುತ್ತವೆಂಬ ವಿಚಾರವನ್ನು 1960ರ ದಶಕದಲ್ಲಿ ಮಂಡಿಸಿದವರಲ್ಲಿ ತುಮಕೂರಿನಲ್ಲಿ ಜನಿಸಿದ ರಾಜಾರಾಮಣ್ಣನವರೂ ಒಬ್ಬರೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.)

ಹಾಗಾದರೆ ಮನುಷ್ಯನ ಪಾಲಿಗೆ ಉಳಿದದ್ದೇನು? ಲೋಹವನ್ನು ಆರಿಸುವುದು, ವೇಗವನ್ನು ಹದಗೊಳಿಸುವುದು, ಕಾಯುವುದು. ಕಾಯುವುದೇ ಇವುಗಳಲ್ಲಿ ಕಠಿನವಾದುದು. ಸೀಸದ ಮೇಲೆ ಕ್ರಿಪ್ಟಾನನ್ನು ಹೊಡೆದು 118ನೆಯ ಮೂಲವಸ್ತುವನ್ನು ಪಡೆದೆವೆಂದು 1999ರಲ್ಲಿ ಅಮೆರಿಕದ ಬರ್ಕ್ಲಿಯಿಂದ ಪ್ರಕಟಣೆ ಹೊರಟಿತು. ಬೇರೆ ದೇಶಗಳಲ್ಲಿ ಅದೇ ಪ್ರಯೋಗ ಮಾಡಿದವರಿಗೆ ಏನೂ ದೊರೆಯಲಿಲ್ಲ. 2001ರಲ್ಲಿ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ದಾಖಲೆಯೇ ಕಲ್ಪಿತವೆಂದು ವಿಚಾರಣೆಯಲ್ಲಿ ಕಂಡುಬಂದಿತು. ದಾಳ ನಮ್ಮ ಕೈಯಲ್ಲಿಲ್ಲದಿರಬಹುದು, ಬಿದ್ದ ಗರವನ್ನು ಬರೆಯುವ ಲೇಖನಿ ನಮ್ಮ ಕೈಯಲ್ಲಿಯೇ ಇದೆ. ಬರಿದಾದ ಅಂಕಣವನ್ನು ತುಂಬಿಬಿಡುವ ಆಸೆ ಎಷ್ಟು ಬಲವಾದುದೆಂಬುದು ಹಾಜರಿ ಪುಸ್ತಕ ಇಟ್ಟ ಉಪಾಧ್ಯಾಯರಿಗೆ ತಿಳಿಯದ ವಿಷಯವೇನಲ್ಲ.

ಜಪಾನಿನ ರಿಕೆನ್ ಸಂಸ್ಥೆಯಲ್ಲಿ ಕೊಸುಕೆ ಮೊರಿಟ ಮತ್ತು ಅವರ ಸಂಗಡಿಗರು 2003ರಲ್ಲಿ ಸತುವನ್ನು ಬಿಸ್ಮತ್ತಿನ ಮೇಲೆ ಹಾಯಿಸತೊಡಗಿದರು. ಸೆಕೆಂಡಿಗೆ ಲಕ್ಷ ಕೋಟಿಗೂ ಮಿಕ್ಕ ಬೀಜಗಳು. 2004ರಲ್ಲಿ 113ನೆಯ ಮೂಲವಸ್ತುವಿನ ಒಂದು ಪರಮಾಣು ದೊರೆಯಿತು, 2005ರಲ್ಲಿ ಇನ್ನೊಂದು. ಪ್ರತಿಯೊಂದೂ ಸೆಕೆಂಡಿನ ನೂರರಲ್ಲೊಂದು ಪಾಲಿನಷ್ಟು ಕಾಲವೂ ಬಾಳಲಿಲ್ಲ. ಆಮೇಲೆ ಏಳು ವರ್ಷ ಸೊನ್ನೆಯ ಹೊರತು ಬರೆಯಲು ಬೇರೇನೂ ಇರಲಿಲ್ಲ. ಅವರು ಸೊನ್ನೆಯನ್ನೇ ಬರೆದರು. ಮೂರನೆಯ ಪರಮಾಣು 2012ರ ಆಗಸ್ಟ್ 12ರಂದು ಕಾಣಿಸಿತು.