ಯಾರೂ ತುಳಿಯದ ಹಾದಿ

ಹಾದಿ ಎಂಬುದು ತುಳಿದು ತುಳಿದು ಆಗುವಂಥದು. ಯಾರೂ ತುಳಿಯದ ಕಡೆ ಹುಲ್ಲಿರುತ್ತದೆ, ಮುಳ್ಳಿರುತ್ತದೆ, ಕಲ್ಲಿರುತ್ತದೆ; ಹಾದಿ ಮಾತ್ರ ಇರುವುದಿಲ್ಲ. ಇಷ್ಟು ಸರಳವಾದ ಸಂಗತಿ ಪ್ರವಾಸದ ಜಾಹೀರಾತು ಬರೆಯುವವರಿಗೆ ಹೊಳೆದಂತಿಲ್ಲ. ಯಾರೂ ತುಳಿಯದ ಹಾದಿಯಲ್ಲಿ ನಿಮ್ಮನ್ನು ಕರೆದೊಯ್ಯುತ್ತೇವೆ ಎನ್ನುತ್ತಾರೆ. ಅದರ ಕೆಳಗೇ ದರ, ಹೊರಡುವ ದಿನ, ಊಟ ತಿಂಡಿಯ ವಿವರ ಎಲ್ಲ ಅಚ್ಚಾಗಿರುತ್ತದೆ. ಯಾರೂ ತುಳಿಯದ ಹಾದಿಗೆ ಬೆಳಿಗ್ಗೆ ಆರು ಗಂಟೆಗೆ ಸರಿಯಾಗಿ ಜೀಪು ಬರುತ್ತದೆ!

ಹಾಸ್ಯ ಮಾಡುವುದು ಸುಲಭ. ಆದರೆ ಈ ಮಾತು ಮಾರಾಟವಾಗುವುದಕ್ಕೆ ಕಾರಣವಾದ ಆಸೆ ಹಾಸ್ಯದ ವಸ್ತುವಲ್ಲ. ಜನಜಂಗುಳಿಯಲ್ಲಿ ದಿನ ಕಳೆಯುವವನಿಗೆ, ಲೋಕ ಇನ್ನೂ ಹಳಸದೆ ಉಳಿದಿರುವ ಒಂದು ಮೂಲೆಯನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಹುಟ್ಟಿದರೆ ಅದು ತಪ್ಪೆ? ತಪ್ಪಲ್ಲ. ನನ್ನ ಸೋದರಳಿಯನಿಗೂ ಅದೇ ಹಂಬಲ. ಪೂರ್ವ ಆಫ್ರಿಕಕ್ಕೆ ಹೊರಡುವ ಯೋಚನೆಯಲ್ಲಿದ್ದಾನೆ. ಒಂದು ಸಿಂಹದ ಸುತ್ತ ಹತ್ತಾರು ಜೀಪು ನಿಲ್ಲುವ ಸೆರೆಂಗೆಟಿ ಅವನಿಗೆ ಬೇಡ. ಟಾಂಜಾನಿಯದ ಈಶಾನ್ಯ ಮೂಲೆಯನ್ನು ಆರಿಸಿಕೊಂಡಿದ್ದಾನೆ: ಮೊದಲು ಮ್ಕೊಮಾಜಿಯ ಕಾಡುಪ್ರಾಣಿಗಳು, ಆಮೇಲೆ ಉಸಂಬರ ಬೆಟ್ಟಗಳಲ್ಲಿ ಕಾಲ್ನಡಿಗೆ, ಕೊನೆಗೆ ಪಂಗಾನಿಯ ಕಡಲತೀರ.

"ಅಲ್ಲಿಗೆ ಯಾರೂ ಹೋಗೋದೇ ಇಲ್ಲ, ಮಾವ" ಎಂದ.

"ಅಲ್ಲಿ ಇರೋರು?"

"ಇರೋರು ಇರ್ತಾರೆ. ಅವರೇನು ಟೂರಿಸ್ಟರೆ?"

ಹುಡುಗ ಬುದ್ಧಿವಂತ, ದುರಹಂಕಾರಿಯಲ್ಲ. ಆದರೂ 'ಯಾರೂ' ಎಂಬ ಆ ಪುಟ್ಟ ಪದದಿಂದ ಅಲ್ಲಿಯ ಜನರೆಲ್ಲ ಎಷ್ಟು ಸದ್ದಿಲ್ಲದೆ ಜಾರಿಹೋದರು ನೋಡಿ.

ಇದರ ಸ್ವಾರಸ್ಯ ತಿಳಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ನನ್ನ ಊರು ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು. ರಾಗಿ ಹೊಲ, ಬದುವಿನ ಕತ್ತಾಳೆ, ಬಿಸಿಲಿಗೆ ಕಾದ ಬಂಡೆಗುಡ್ಡ. ವರ್ಣಿಸಿ ಹೇಳುವಂಥದೇನೂ ಇಲ್ಲ ಎಂದೇ ನಾವು ತಿಳಿದಿದ್ದೆವು. ಈಗ ನಮ್ಮ ತಾಲ್ಲೂಕಿನ ಮಾಕಳಿದುರ್ಗಕ್ಕೆ ಭಾನುವಾರ ಬೆಂಗಳೂರಿನಿಂದ ಚಾರಣಿಗರು ಬರುತ್ತಾರೆ. ಹತ್ತುವುದಕ್ಕೆ ಮುಂಗಡ ಚೀಟಿಯೂ ಬೇಕು. ಇವರಲ್ಲಿಯೂ ಕೆಲವರು ಅದನ್ನು ಯಾರೂ ಕಾಣದ ಜಾಗವೆಂದು ಬಣ್ಣಿಸುವುದುಂಟು. ಬೆಟ್ಟದ ತಲೆಯ ಮೇಲೆ ಹಳೆಯ ಕೋಟೆಯ ಗೋಡೆ ಇದೆ, ಗುಡಿ ಇದೆ. ಆ ಕಲ್ಲುಗಳನ್ನು ಹೊತ್ತವರಿಗೆ ಕಾಲಿರಲಿಲ್ಲವೆ? ಇಳಿಜಾರಿನಲ್ಲಿ ಕಾಣುವ ಸವೆದ ಗೆರೆ ಕುರಿ ಮೇಕೆ ಕಾಯುವವರದು. ಪಕ್ಕದ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಸುತ್ತಲ ಹಳ್ಳಿಗಳವರು ಎತ್ತು ಹೊಡೆದುಕೊಂಡು ನಡೆದದ್ದು ಇದೇ ಗುಡ್ಡಗಳ ಬುಡದಲ್ಲಿ. ಮೇಕೆ ಕಾಯುವವನಿಗೆ ಚಾರಣಿಗನ ಮಾತಿನಿಂದ ಗಂಟೇನೂ ಹೋಗುವುದಿಲ್ಲ. ಕೇಳಿದರೆ ನಕ್ಕು ಬೀಡಿ ಹಚ್ಚಿಯಾನು.

ಮ್ಕೊಮಾಜಿಯ ದನಗಾಹಿಗೆ ಹಾಗೆ ನಕ್ಕು ಸುಮ್ಮನಿರುವ ಅನುಕೂಲವಿರಲಿಲ್ಲ. ಪಾರೆ ಮತ್ತು ಉಸಂಬರ ಬೆಟ್ಟಗಳ ಉತ್ತರಕ್ಕೆ, ಕೀನ್ಯದ ತ್ಸಾವೊ ಕಾಡಿಗೆ ಅಂಟಿಕೊಂಡಿರುವ ಒಣ ಬಯಲು ಅದು. 1951ರಲ್ಲಿ ಅದನ್ನು ಮೃಗಗಳಿಗೆಂದು ಮೀಸಲಿಟ್ಟರು. ದನ ಮೇಯಿಸುವವರೂ ಅಲ್ಲಿ ಉಳಿದುಕೊಂಡರು. 1988ರ ಹೊತ್ತಿಗೆ ಅವರನ್ನು ಹೊರಹಾಕಿದರು. ನ್ಯಾಯಾಲಯದ ಮೆಟ್ಟಿಲು ಹತ್ತಿದರೂ ಹಿಂದಿರುಗುವ ಹಕ್ಕು ಸಿಗಲಿಲ್ಲ. 2008ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಇಂದು ಅಲ್ಲಿ ನಿಂತು 'ಎಂಥ ನಿರ್ಜನ!' ಎಂದು ಉಸಿರುಬಿಡುವ ಪ್ರವಾಸಿ ಸುಳ್ಳಾಡುತ್ತಿಲ್ಲ. ಆದರೆ ನಿರ್ಜನತೆ ಅಲ್ಲಿ ಮಳೆಯಂತೆ ಆಕಾಶದಿಂದ ಬಿದ್ದದ್ದಲ್ಲ.

ಇಷ್ಟು ಹೇಳಿ ದನಗಾಹಿಯ ಪಕ್ಷ ಹಿಡಿದು ನಿಶ್ಚಿಂತನಾಗಿಬಿಡಬಹುದಿತ್ತು, ಆ ಬಯಲಿನ ಖಡ್ಗಮೃಗವೊಂದು ಅಡ್ಡ ಬರದಿದ್ದರೆ. ಒಂದು ಕಾಲಕ್ಕೆ ಅಲ್ಲಿ ಹೇರಳವಾಗಿದ್ದ ಕಪ್ಪು ಖಡ್ಗಮೃಗಗಳು 1980ರ ದಶಕ ಮುಗಿಯುವಷ್ಟರಲ್ಲಿ ಕೊಂಬಿನ ಕಳ್ಳಬೇಟೆಗೆ ಸಿಕ್ಕಿ ಇಲ್ಲವಾಗಿದ್ದವು. 1997ರಲ್ಲಿ ದಕ್ಷಿಣ ಆಫ್ರಿಕದಿಂದ ಕೆಲವನ್ನು ತಂದು, ಬೇಲಿ ಕಟ್ಟಿ, ಕಾವಲಿಟ್ಟು ಸಾಕಿದ್ದರಿಂದ ಮತ್ತೆ ಅಲ್ಲಿ ಆ ವಂಶವಿದೆ. ಖಡ್ಗಮೃಗಕ್ಕೆ ವಕೀಲರಿಲ್ಲ. ದನಗಾಹಿ ಬೇರೆಡೆ ಹೋಗಿ ಕಷ್ಟದಲ್ಲಾದರೂ ಬದುಕಿಯಾನು. ಅದು ಎಲ್ಲಿಗೆ ಹೋದೀತು? ಈ ವಾದವನ್ನು ನಾನು ಹಗುರಾಗಿ ಕಾಣಲಾರೆ. ಆದರೆ ಒಂದು ಮಾತು ಉಳಿಯುತ್ತದೆ. ಕೊಂಬು ಕೊಯ್ದದ್ದು ದೂರದ ಸಂತೆಗೆ ಮಾಲು ಒದಗಿಸುತ್ತಿದ್ದ ಬಂದೂಕು. ಮನೆ ಬಿಟ್ಟು ಎದ್ದದ್ದು ಕೋಲು ಹಿಡಿದವನು. ಕಾಡು ಉಳಿಯಬೇಕೆಂದರೆ ಬೆಲೆ ತೆರಲೇಬೇಕು, ಒಪ್ಪಿದೆ. ಪ್ರತಿ ಸಲವೂ ಅದನ್ನು ಅತ್ಯಂತ ಬಡವನ ಜೇಬಿನಿಂದಲೇ ತೆಗೆಯುವುದು ಯಾವ ನ್ಯಾಯ?

ಬೇರೆ ದಾರಿ ಇಲ್ಲವೆಂಬುದೂ ನಿಜವಲ್ಲ. ನಮ್ಮ ಬಿಳಿಗಿರಿರಂಗನ ಬೆಟ್ಟವನ್ನು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಅದೇ ವರ್ಷ ಅಲ್ಲಿಯ ಸೋಲಿಗರಿಗೆ ಕಾಡಿನ ಮೇಲಿನ ಸಮುದಾಯದ ಹಕ್ಕೂ ದೊರೆಯಿತು. ಜಗಳ ಅಲ್ಲಿಗೆ ಮುಗಿಯಲಿಲ್ಲವೆನ್ನಿ. ಆದರೂ ಹುಲಿ ಮತ್ತು ಮನುಷ್ಯ ಒಂದೇ ಕಾಗದದ ಮೇಲೆ ಕಾಣಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ಉಸಂಬರದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಬೆಟ್ಟದ ತುದಿಯವರೆಗೂ ಹೊಲ, ಮನೆ. ಜರ್ಮನರು ಲುಶೊಟೊವನ್ನು ತಮ್ಮ ಬೇಸಗೆಯ ಊರಾಗಿ ಮಾಡಿಕೊಂಡಿದ್ದರು, ಇಂಗ್ಲಿಷರು ನಮ್ಮ ನಂದಿಗೆ ಬಂದು ತಂಪು ಹುಡುಕಿದ ಹಾಗೆ. ಬೆಂಗಳೂರಿನ ಕಿಟಕಿಗಳಲ್ಲಿ ಪುಟ್ಟ ಕುಂಡದಲ್ಲಿ ಬೆಳೆಯುವ ಆಫ್ರಿಕನ್ ವಯೊಲೆಟ್ ಈ ಬೆಟ್ಟಗಳ ಹೂ. 1892ರಲ್ಲಿ ಜರ್ಮನ್ ಅಧಿಕಾರಿಯೊಬ್ಬ ಕಂಡನೆಂದು ಅವನ ಹೆಸರನ್ನೇ ಅದಕ್ಕಿಟ್ಟರು. ಅದಕ್ಕೂ ಮುಂಚೆ ಅಲ್ಲಿಯ ಹೆಂಗಸರು ಸೌದೆಗೆ ಹೋದಾಗ ಅದು ಕಾಣಿಸುತ್ತಿರಲಿಲ್ಲವೋ ಏನೊ! ಮರುವರ್ಷ, 1893ರಲ್ಲಿ, ಅದೇ ಸೀಮೆಗೆ ನಾರಿನ ಕತ್ತಾಳೆಯನ್ನು ತಂದು ನೆಟ್ಟರು. ಪಂಗಾನಿಯವರೆಗೂ ಅದರ ತೋಟಗಳು ಹಬ್ಬಿದವು. ಸಾಸಲಿನ ಬದುವಿನ ಕತ್ತಾಳೆ ಅದರ ದಾಯಾದಿಯೇ.

ಇನ್ನು ಪಂಗಾನಿ. ತೆಂಗು, ಬಿಳಿ ಮರಳು, ಕಿಲಿಮಂಜಾರೊ ಕಡೆಯಿಂದ ಇಳಿದುಬಂದ ನದಿಯ ಮುಖ. ಪ್ರಶಾಂತ ಎನ್ನುತ್ತದೆ ಜಾಹೀರಾತು. ಒಳನಾಡಿನಿಂದ ಆನೆಯ ದಂತ ಹೊತ್ತು ಬಂದ ಹಾದಿಗಳು ಮುಗಿಯುತ್ತಿದ್ದ ರೇವುಗಳಲ್ಲಿ ಅದೂ ಒಂದು. ದಂತದೊಡನೆ ಮನುಷ್ಯರನ್ನೂ ಸರಪಳಿಯಲ್ಲಿ ತಂದರು. ಆ ಹಾದಿಗಳನ್ನು ಎಷ್ಟು ಕಾಲುಗಳು ತುಳಿದಿರಬಹುದು!

ಆಫ್ರಿಕದ ಪೂರ್ವ ತೀರದ ಜನರನ್ನು ಹಡಗಿಗೆ ತುಂಬಿದವರಲ್ಲಿ ಪೋರ್ಚುಗೀಸರೂ ಇದ್ದರು. ಗೋವೆಗೆ ಹಾಗೆ ಬಂದ ಗುಲಾಮರಲ್ಲಿ ತಪ್ಪಿಸಿಕೊಂಡವರು ಘಟ್ಟ ಹತ್ತಿದರು. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡುಗಳಲ್ಲಿ ಇಂದು ಇರುವ ನಮ್ಮ ಸಿದ್ದಿಗಳ ಹಿರಿಯರಲ್ಲಿ ಅವರೂ ಸೇರಿದ್ದಾರೆ. ಕಡಲು, ಬೆಟ್ಟ, ಕಾಡು, ಮೂರನ್ನೂ ಅವರು ಒಂದೇ ಪ್ರಯಾಣದಲ್ಲಿ ಕಂಡರು. ಯಾರೂ ತುಳಿಯದ ಕಡೆಯನ್ನು ನಿಜವಾಗಿ ಹುಡುಕಿದವರಿದ್ದರೆ ಅವರೇ. ಹಿಂದೆ ಅಟ್ಟಿಸಿಕೊಂಡು ಬರುವವನಿಗೆ ಹೆಜ್ಜೆ ಕಾಣಬಾರದೆಂದು. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಅವರ ಹೆಸರು ಸೇರಲು 2003ರವರೆಗೆ ಕಾಯಬೇಕಾಯಿತು. ಈಗ ಅವರ ಹಾಡಿಗಳ ಕಡೆಗೂ ವಿರಳ ದೃಶ್ಯ ಹುಡುಕಿಕೊಂಡು ಜನ ಹೋಗುತ್ತಾರಂತೆ.

ಹಾಗಾದರೆ ಸೋದರಳಿಯ ಹೋಗಬಾರದೆ? ಹೋಗಲಿ. ಮನೆಯಲ್ಲಿ ಕುಳಿತವನೇ ಸಜ್ಜನನೆಂದು ನಾನು ನಂಬಿಲ್ಲ. ಮ್ಕೊಮಾಜಿಯಲ್ಲಿ ಜೀಪು ಹತ್ತುವುದು ಅನಿವಾರ್ಯವಿದ್ದೀತು. ಉಸಂಬರದಲ್ಲಿ ಮಾತ್ರ ನಡೆಯಲೇಬೇಕು, ಆ ನೆಲದವನೊಬ್ಬನನ್ನು ಜೊತೆಗಿಟ್ಟುಕೊಂಡು. ಕಾಲ್ನಡಿಗೆಯವನು ಎದುರು ಬಂದವನ ಮುಖ ನೋಡಲೇಬೇಕಾಗುತ್ತದೆ.

ಸಫಾರಿ ಎಂದರೆ ನಮ್ಮಲ್ಲಿ ಬನ್ನೇರುಘಟ್ಟದ ಸಿಂಹ. ಅದಕ್ಕೂ ಹಿಂದೆ ಅಧಿಕಾರಿಗಳು ತೊಡುತ್ತಿದ್ದ ಒಂದು ಬಗೆಯ ಉಡುಪು. ಸ್ವಾಹಿಲಿಯಲ್ಲಿ ಅದಕ್ಕೆ ಪ್ರಯಾಣವೆಂದಷ್ಟೇ ಅರ್ಥ. ಅರಬ್ಬಿಯಿಂದ ಬಂದದ್ದು, ನಮ್ಮ ದೊಡ್ಡಬಳ್ಳಾಪುರದ ಸಾಬರ ಮನೆಗಳಲ್ಲಿ ಸಫರ್ ಎನ್ನುತ್ತಾರಲ್ಲ, ಅದೇ ಶಬ್ದ. ಸಂತೆಗೆ ಹೋದವನದೂ ಸಫಾರಿಯೇ. ಹಾದಿಯಲ್ಲಿ ಸಿಕ್ಕವನನ್ನು ಅಲ್ಲಿ 'ಹಬಾರಿ ಜಾ ಸಫಾರಿ' ಎಂದು ಕೇಳುತ್ತಾರೆ. ಹಬಾರಿ ನಮ್ಮ ಖಬರು. ಪ್ರಯಾಣದ ಸುದ್ದಿ ಏನು ಎಂದು. ಸಾಸಲಿನ ಗುಡ್ಡದ ಬುಡದಲ್ಲಿ ಮೇಕೆ ಕಾಯುವವನೂ ಹೊಸಬರನ್ನು ಕಂಡರೆ ಸುಮ್ಮನೆ ಬಿಡುವುದಿಲ್ಲ: "ಎತ್ಲಾಗಿಂದ ಬಂದ್ರಿ? ಯಾರ ಮನೆಯೋರು?" ಬೆಂಗಳೂರಿನ ಹುಡುಗರು ಕಿವಿಯಲ್ಲಿ ಹಾಡು ಕೇಳುತ್ತ ದಾಟಿಹೋಗುತ್ತಾರೆ; ಅವನು ಇನ್ನೂ ಉತ್ತರಕ್ಕೆ ಕಾಯುತ್ತ ನಿಂತಿರುತ್ತಾನೆ.