ಒಬ್ಬನಿಗೇ ಕಂಡದ್ದು

ಹತ್ತು ಜನರ ನಡುವೆ ಕುಳಿತ ಒಬ್ಬನ ಕಣ್ಣಿಗೆ ಮಾತ್ರ ಒಂದು ಅಪಾಯವು ಬಿದ್ದಿತು. ಉಳಿದವರಿಗೆ ಅದು ಕಾಣಲಿಲ್ಲ. ಆಗ ಅವನ ವಿಷಯದಲ್ಲಿ ಉಳಿದವರ ಕರ್ತವ್ಯವೇನು? ಕಾಣದ್ದನ್ನು ನಂಬೆಂದು ಯಾರನ್ನೂ ಬಲಾತ್ಕರಿಸಲಾಗದು. ಹಾಗೆಂದು ಅವನನ್ನು ಹುಚ್ಚನೆಂದು ತಳ್ಳಿಹಾಕುವದೂ ನ್ಯಾಯವೆನಿಸದು. ಈ ಹಳೆಯ ತೊಡಕನ್ನು ಅಮೇರಿಕೆಯ ದೂರದರ್ಶನದ ಒಂದು ಚಿಕ್ಕ ನಾಟಕವು ಅರ್ಧ ಗಂಟೆಯೊಳಗೆ ಪ್ರೇಕ್ಷಕರ ಮುಂದಿಟ್ಟಿತು. ಅರವತ್ತು ವರುಷಗಳು ಕಳೆದ ಮೇಲೆಯೂ ಅದರ ಕುರಿತಾದ ವಾದವು ನಿಂತಿಲ್ಲ.

‘ದಿ ಟ್ವೈಲೈಟ್ ಝೋನ್’ ಎಂಬ ಮಾಲೆಯಲ್ಲಿ 1963ನೆಯ ಇಸವಿಯ ಅಕ್ಟೋಬರ್ 11ರಂದು ಪ್ರಸಾರವಾದ ಆ ನಾಟಕದ ಹೆಸರು ‘ನೈಟ್‌ಮೇರ್ ಅಟ್ ಟ್ವೆಂಟಿ ಥೌಸಂಡ್ ಫೀಟ್’. ರಿಚರ್ಡ್ ಮ್ಯಾಥೆಸನ್ನನು ತನ್ನದೇ ಸಣ್ಣ ಕಥೆಯಿಂದ ಅದನ್ನು ಬರೆದನು. ರಿಚರ್ಡ್ ಡಾನರನು ನಿರ್ದೇಶಿಸಿದನು. ಬಾಬ್ ವಿಲ್ಸನ್ ಎಂಬವನು ಆರು ತಿಂಗಳ ಹಿಂದೆ ವಿಮಾನದಲ್ಲಿಯೇ ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡು, ಆರೋಗ್ಯಧಾಮದಲ್ಲಿದ್ದು ಗುಣಹೊಂದಿ, ಹೆಂಡತಿಯೊಡನೆ ಮನೆಗೆ ಹೊರಟಿದ್ದಾನೆ. ಹೊರಗೆ ಕತ್ತಲೆ, ಮಳೆ, ಮಿಂಚು. ಕಿಟಕಿಯ ಪರದೆಯನ್ನು ಸರಿಸಿದರೆ, ವಿಮಾನದ ರೆಕ್ಕೆಯ ಮೇಲೆ ಒಂದು ವಿಕಾರಪ್ರಾಣಿಯು ನಿಂತು ಯಂತ್ರದ ಮೇಲಿನ ತಗಡನ್ನು ಕಿತ್ತುತ್ತಿದೆ! ಇನ್ನೊಬ್ಬರು ಬಂದು ನೋಡಿದೊಡನೆ ಅದು ಹಾರಿ ಮರೆಯಾಗುವದು. ವಿಲ್ಸನ್ನನ ಪಾತ್ರವನ್ನು ವಿಲಿಯಂ ಶಾಟ್ನರನು ವಹಿಸಿದ್ದಾನೆ.

ಪ್ರೇಕ್ಷಕರಲ್ಲಿ ಹಲವು ಮತಗಳುಂಟು. ಆ ಪ್ರಾಣಿಯ ವೇಷವು ಕೂದಲು ತುಂಬಿದ ಗೊಂಬೆಯಂತಿದ್ದು ಅಂಜಿಕೆಯ ಬದಲು ನಗೆಯನ್ನು ತರುವದೆಂದು ಹಲವರ ದೂರು. ಕಥೆ ಬರೆದವನಿಗೂ ಆ ವೇಷವು ಹಿಡಿಸಿರಲಿಲ್ಲ. ವೇಷದ ಮಾತನ್ನು ಬಿಟ್ಟುಬಿಡಬಹುದು. ಬಯಲಾಟದ ರಕ್ಕಸನ ಮುಖವರ್ಣಿಕೆಯನ್ನು ಕಂಡು ಬೆಳೆದ ಈ ಕಡೆಯ ಜನಕ್ಕೆ ಅದು ದೊಡ್ಡ ಕೊರತೆಯೆನಿಸಲಾರದು. ಎರಡನೆಯ ಆಕ್ಷೇಪವು ಹೆಚ್ಚು ತೂಕದ್ದು. ಕೊನೆಯ ದೃಶ್ಯದಲ್ಲಿ ವಿಮಾನವು ಕೆಳಗಿಳಿದ ಬಳಿಕ ಬಾಗಿದ ತಗಡನ್ನು ತೋರಿಸಿ ವಿಲ್ಸನ್ನನ ಮಾತು ನಿಜವೆಂದು ಸಿದ್ಧಮಾಡಲಾಗಿದೆ. ಇದರಿಂದ ಸಂದೇಹದ ಸ್ವಾರಸ್ಯವೇ ಕೆಟ್ಟಿತೆಂದು ಕೆಲವರು ಹೇಳುತ್ತಾರೆ. ಆ ಬಡಪಾಯಿಗೆ ಅಷ್ಟಾದರೂ ನ್ಯಾಯ ಸಿಕ್ಕಿತಲ್ಲ ಎಂದು ಉಳಿದವರು ಸಮಾಧಾನಪಡುತ್ತಾರೆ. ಹೆಂಡತಿಯ ವಿಷಯದಲ್ಲಿಯೂ ಭೇದವಿದೆ: ಅವಳ ತಾಳ್ಮೆಯನ್ನು ಹೊಗಳುವವರಿದ್ದಾರೆ, ಅವಳು ಕಿಟಕಿಗಿಂತ ಗಂಡನ ಮುಖವನ್ನೇ ಹೆಚ್ಚಾಗಿ ನೋಡಿದಳೆಂದು ಹಳಿಯುವವರೂ ಇದ್ದಾರೆ.

ಆದರೆ ಈ ವಾದಗಳಲ್ಲಿ ಒಂದು ಸಂಗತಿಗೆ ಸಲ್ಲಬೇಕಾದಷ್ಟು ಲಕ್ಷ್ಯವು ಸಲ್ಲುವದಿಲ್ಲ. ವಿಲ್ಸನ್ನನು ಬರಿದೆ ಕೂಗಾಡಿದವನಲ್ಲ. ಚಾಲಕರು ರೆಕ್ಕೆಯ ಕಡೆಗೆ ಲಕ್ಷ್ಯವಿಟ್ಟಿರಲಿ, ಏನೂ ಕಾಣದಿದ್ದರೆ ತಾನಾಗಿಯೇ ಆಸ್ಪತ್ರೆಗೆ ಮರಳುವೆನೆಂದು ಅವನು ಹೇಳುತ್ತಾನೆ. ತನ್ನ ಮಾತಿಗೆ ತಾನೇ ಪರೀಕ್ಷೆಯನ್ನೊಡ್ಡಿ, ಸೋತರೆ ತೆರಬೇಕಾದ ದಂಡವನ್ನೂ ಮೊದಲೇ ಒಪ್ಪಿಕೊಳ್ಳುವ ಮನುಷ್ಯನನ್ನು ಬುದ್ಧಿಗೆಟ್ಟವನೆಂದು ಹೇಗೆ ಕರೆಯಬೇಕು? ಆಮೇಲೆ ವಿಮಾನದ ಯಂತ್ರಾಧಿಕಾರಿಯು ಅವನ ಬಳಿಗೆ ಬರುತ್ತಾನೆ. ‘ನಿಮ್ಮ ಮಾತು ಸುಳ್ಳು’ ಎಂದು ಅವನು ಹೇಳುವದಿಲ್ಲ. ಆ ಪ್ರಾಣಿಯ ಸಂಗತಿ ತಮಗೂ ಗೊತ್ತಿದೆ, ಪ್ರಯಾಣಿಕರು ಹೆದರಬಾರದೆಂದು ಸುಮ್ಮನಿದ್ದೇವೆ ಎಂದು ನಟಿಸುತ್ತಾನೆ. ವಿಲ್ಸನ್ನನು ಒಂದು ಕ್ಷಣ ಹಿಗ್ಗಿ, ಮರುಕ್ಷಣವೇ ಅದು ಮಗುವನ್ನು ರಮಿಸುವ ಮಾತೆಂದು ಅರಿತುಕೊಳ್ಳುತ್ತಾನೆ. ಆ ಬಳಿಕ ಅವನು ಯಾರೊಡನೆಯೂ ವಾದಿಸುವದಿಲ್ಲ. ಕೊಟ್ಟ ನಿದ್ರೆಯ ಗುಳಿಗೆಯನ್ನು ನುಂಗಿದಂತೆ ಮಾಡಿ ಉಗುಳುತ್ತಾನೆ. ನಿದ್ರಿಸುತ್ತಿದ್ದ ಪೋಲೀಸನೊಬ್ಬನ ಪಿಸ್ತೂಲನ್ನು ಕದಿಯುತ್ತಾನೆ. ಆಪತ್ಕಾಲದ ಕಿಟಕಿಯನ್ನು ತೆರೆದು ಆ ಪ್ರಾಣಿಗೆ ಗುಂಡು ಹಾರಿಸುತ್ತಾನೆ. ನಂಬದಿದ್ದವರು ಅವನನ್ನು ಈ ಸಾಹಸಕ್ಕೆ ನೂಕಲಿಲ್ಲ. ನಂಬಿದಂತೆ ನಟಿಸಿದವನು ನೂಕಿದನು. ‘ನನಗೆ ಕಾಣಿಸಲಿಲ್ಲ’ ಎನ್ನುವವನೊಡನೆ ಇನ್ನೂ ಮಾತಾಡಲು ಬರುವದು. ‘ಹೌದು ಹೌದು’ ಎಂದು ತಲೆಯಾಡಿಸುವವನೊಡನೆ ಯಾವ ಮಾತು?

ನ್ಯಾಯಶಾಸ್ತ್ರದಲ್ಲಿ ಆಪ್ತನ ಮಾತನ್ನು ಪ್ರಮಾಣವೆಂದು ಒಪ್ಪಿದ್ದಾರೆ. ಆಪ್ತನೆಂದರೆ ಯಾರು? ವಿಷಯವನ್ನು ನೇರಾಗಿ ಅರಿತು, ಅರಿತಂತೆ ತಿಳಿಸಬಯಸುವವನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಭಾಷ್ಯಕಾರನಾದ ವಾತ್ಸ್ಯಾಯನನು ಸ್ಪಷ್ಟವಾಗಿ ಹೇಳಿದ್ದಾನೆ. ಕುಲವನ್ನು ನೋಡಿ ಸಾಕ್ಷಿಯನ್ನು ತೂಗಬಾರದೆಂದರೆ, ಹಿಂದಿನ ಬೇನೆಯನ್ನು ನೋಡಿ ತೂಗುವದು ಮಾತ್ರ ಸರಿಯಾದೀತೇ? ಭ್ರಮೆಗೊಳಗಾದ ಕಣ್ಣು ಮತ್ತೊಮ್ಮೆ ಭ್ರಮಿಸಬಹುದೆಂಬ ಶಂಕೆಯು ಯುಕ್ತವೇ. ಹಗ್ಗವು ಹಾವಾಗಿ ಕಾಣುವದು ಒಳ್ಳೆಯ ಕಣ್ಣಿಗೂ ತಪ್ಪಿದ್ದಲ್ಲ. ಆದರೆ ಶಂಕೆಯು ದೀಪ ತರುವದಕ್ಕೆ ಕಾರಣವಾಗಬೇಕಲ್ಲದೆ ಬಾಯಿ ಮುಚ್ಚಿಸುವದಕ್ಕಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳೂ ಅವರ ಬಳಿಕ ಪುಟ್ಟರಾಜ ಗವಾಯಿಗಳೂ ಎಷ್ಟೋ ಜನ ಶಿಷ್ಯರ ಸ್ವರವನ್ನು ತಿದ್ದಿದರು. ಅಲ್ಲಿ ಗುರುವು ಸ್ವರ ತಪ್ಪಿತೆಂದಾಗ, ಕಾಣದವರಿಗೆ ಹೇಗೆ ತಿಳಿಯಿತೆಂದು ಕೇಳುವಷ್ಟು ಮೂಢನಾರು? ಒಂದು ಇಂದ್ರಿಯದ ಕೊರತೆಯು ಮನುಷ್ಯನ ಮಾತಿನ ಬೆಲೆಯನ್ನೆಲ್ಲ ಇಳಿಸುವದಿಲ್ಲವೆಂಬುದು ಈ ಊರಿಗೆ ಹೊಸ ಪಾಠವಲ್ಲ.

ಹಾಗೆಯೇ ಆ ಯಂತ್ರಾಧಿಕಾರಿಯೂ ಇಲ್ಲಿಯವರಿಗೆ ಅಪರಿಚಿತನಲ್ಲ. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನು ಕುಳಿತು ಬರೆದನೆಂದು ಒಂದು ಕಂಬವನ್ನು ಇಂದಿಗೂ ತೋರಿಸುತ್ತಾರೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮನೆಗಳಲ್ಲಿ ಭಾರತದ ಕಥೆಯನ್ನು ಕೇಳಿದವರು ವಿದುರನನ್ನು ಬಲ್ಲರು. ಕುರುಕುಲದ ಮೇಲೆ ಬರುವ ಕೇಡನ್ನು ಎಲ್ಲರಿಗಿಂತ ಮೊದಲು ಕಂಡವನು ಅವನು. ದುರ್ಯೋಧನನು ಅವನನ್ನು ದಾಸಿಯ ಮಗನೆಂದು ಬಹಿರಂಗವಾಗಿ ಹಳಿದನು. ವಿದುರನು ಬಿಲ್ಲನ್ನು ಮುರಿದು ಯುದ್ಧದ ಹಂಗನ್ನೇ ಹರಿದುಕೊಂಡನು. ದುರ್ಯೋಧನನ ದೋಷವು ಹಗಲಿನಂತೆ ತೆರೆದದ್ದು. ಧೃತರಾಷ್ಟ್ರನದೋ? ರಾತ್ರಿಯೆಲ್ಲ ಎಚ್ಚತ್ತು ವಿದುರನಿಂದ ನೀತಿಯನ್ನು ಕೇಳಿದನು, ನಿನ್ನ ಮಾತೇ ಸರಿಯೆಂದನು, ಮಗನನ್ನು ಕಂಡರೆ ತನ್ನ ಬುದ್ಧಿಯು ತಿರುಗುವದೆಂದು ತಾನೇ ಒಪ್ಪಿಕೊಂಡನು, ಮತ್ತು ಏನೂ ಮಾಡಲಿಲ್ಲ. ಅವನ ಒಪ್ಪಿಗೆಯು ನಟನೆಯಲ್ಲದಿರಬಹುದು. ವಿದುರನ ಪಾಲಿಗೆ ಫಲವು ಮಾತ್ರ ಒಂದೇ ಆಯಿತು.

ಇವು ನಾಟಕ-ಪುರಾಣಗಳ ಮಾತಾಯಿತೆನ್ನುವವರು ಮಂಗಳೂರನ್ನು ನೆನೆಯಬೇಕು. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನವು ಬಜ್ಪೆಯ ಗುಡ್ಡದ ಮೇಲಿನ ಓಡುದಾರಿಯನ್ನು ದಾಟಿ ಕಣಿವೆಗೆ ಬಿದ್ದಿತು. 166 ಜನರಲ್ಲಿ 158 ಜನರು ಮಡಿದರು. ಉಳಿದವರು ಎಂಟೇ ಜನ. ವಿಮಾನವು ಇರಬೇಕಾದದ್ದಕ್ಕಿಂತ ಎತ್ತರದಲ್ಲಿತ್ತು. ಸಹಚಾಲಕನು ಅದನ್ನು ಕಂಡು, ಇಳಿಯುವದು ಬೇಡ, ಮತ್ತೆ ಮೇಲೇರೋಣವೆಂದು ಮೂರು ಸಲ ಹೇಳಿದ್ದನು. ಯಂತ್ರವೂ ಎಚ್ಚರಿಕೆಯ ದನಿಗೈಯುತ್ತಿತ್ತು. ಹಾರಾಟದ ಬಹುಭಾಗ ನಿದ್ರಿಸಿದ್ದ ಮುಖ್ಯಚಾಲಕನು ಇಳಿಸುವದನ್ನೇ ಮುಂದುವರಿಸಿದನೆಂದು ವಿಚಾರಣಾ ನ್ಯಾಯಾಲಯವು ನಿರ್ಣಯಿಸಿತು. ಇಲ್ಲಿ ಕಂಡವನು ಚಿತ್ತಭ್ರಮೆಯ ರೋಗಿಯಲ್ಲ, ವಿದ್ಯೆಯನ್ನು ಕಲಿತವನು. ಕಂಡದ್ದು ಮಾಯಾಪ್ರಾಣಿಯಲ್ಲ, ಯಾರ ಕಣ್ಣಿಗಾದರೂ ಬೀಳುವಂಥದು. ಆದರೂ ಕೆಳಗಿನ ಪದವಿಯ ಮಾತು ಮೇಲಿನ ಪದವಿಯ ಕಿವಿಯನ್ನು ಮುಟ್ಟಲಿಲ್ಲ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಎರಡು ದೊಡ್ಡ ವಿಮಾನಗಳು ಢಿಕ್ಕಿಯಾಗಿ 583 ಜನರು ಸತ್ತಾಗಲೂ, ಎದುರಿನ ವಿಮಾನವು ದಾರಿ ಬಿಟ್ಟಿಲ್ಲವೇನೋ ಎಂಬ ಯಂತ್ರಾಧಿಕಾರಿಯ ಸಂಶಯವನ್ನು ಹಿರಿಯ ಚಾಲಕನು ಒಂದೇ ಮಾತಿನಿಂದ ಅಳಿಸಿಬಿಟ್ಟಿದ್ದನು. ಕಿರಿಯನು ಹೇಗೆ ಎಚ್ಚರಿಸಬೇಕು, ಹಿರಿಯನು ಹೇಗೆ ಕೇಳಬೇಕು ಎಂಬುದನ್ನು ಚಾಲಕರಿಗೆ ಒಂದು ವಿದ್ಯೆಯಾಗಿ ಕಲಿಸುವ ಪದ್ಧತಿಯು ಅಂಥ ಅನಾಹುತಗಳ ಅನಂತರ ಬಂದಿತು. ಮಂಗಳೂರಿನ ಹೊತ್ತಿಗೆ ಆ ಪದ್ಧತಿಗೆ ಮೂವತ್ತು ವರುಷಗಳಾಗಿದ್ದವು.

ಹಾಗಾದರೆ ಕಂಡವನು ಬಲವನ್ನಾದರೂ ಉಪಯೋಗಿಸಬೇಕೇ? ಇಲ್ಲಿ ಉತ್ತರವು ಸುಲಭವಲ್ಲ. ವಿಲ್ಸನ್ನನು ಕಿಟಕಿಯನ್ನು ತೆರೆದಾಗ ವಿಮಾನದಲ್ಲಿದ್ದವರೆಲ್ಲರ ಪ್ರಾಣವನ್ನು ಪಣಕ್ಕಿಟ್ಟನು. ಅವನದು ಭ್ರಮೆಯಾಗಿದ್ದರೆ ಕೊಲೆಗಾರನೆನಿಸುತ್ತಿದ್ದನು. 2019ರಲ್ಲಿ ಇದೇ ಕಥೆಯನ್ನು ಹೊಸದಾಗಿ ಹೆಣೆದವರು ಆ ಭಯವನ್ನೇ ಹಿಡಿದರು: ಅಲ್ಲಿ ಅಪಾಯವನ್ನು ತಪ್ಪಿಸಲು ಹೊರಟವನ ಯತ್ನವೇ ವಿಮಾನವನ್ನು ಬೀಳಿಸುವದು. ಕಂಡವನಿಗೆ ಕೇಡೇ ಇಲ್ಲವೆಂದು ಸಮರ್ಥಿಸುವವರು ಈ ಎರಡನೆಯ ನಾಟಕವನ್ನೂ ನೋಡುವದು ಒಳ್ಳೆಯದು. ಆದರೆ ಮೊದಲನೆಯದರಲ್ಲಿ ವಿಲ್ಸನ್ನನ ಕೈ ಪಿಸ್ತೂಲಿಗೆ ಹೋದದ್ದು ಮಾತಿನ ದಾರಿಗಳೆಲ್ಲ ಮುಚ್ಚಿದ ಮೇಲೆ ಎಂಬುದನ್ನು ಮರೆಯಲಾಗದು.

ಕೊನೆಗೆ ಅವನನ್ನು ಕೈಗಳನ್ನು ಬಿಗಿದ ಅಂಗಿಯಲ್ಲಿ ಹೊತ್ತು ಕೆಳಗಿಳಿಸುತ್ತಾರೆ. ಅವನ ಮುಖದಲ್ಲಿ ಶಾಂತಿಯಿದೆ. ಸದ್ಯಕ್ಕೆ ತನ್ನೊಬ್ಬನಿಗೇ ನಿಜವು ಗೊತ್ತೆಂದು ಹೆಂಡತಿಗೆ ಹೇಳುತ್ತಾನೆ. ಬಾಗಿದ ತಗಡು ಪ್ರೇಕ್ಷಕರಿಗೆ ಕಂಡಿದೆ, ನೆಲದ ಮೇಲಿದ್ದವರಾರೂ ಇನ್ನೂ ತಲೆಯೆತ್ತಿ ನೋಡಿಲ್ಲ. ಬೆಳಗಾದೊಡನೆ ಯಾರಾದರೂ ಅದನ್ನು ನೋಡಿಯೇ ನೋಡುವರು. ಆಗ ಹೆಂಡತಿಯು ತನಗೆ ಕಾಣಿಸಲಿಲ್ಲವೆಂದು ಅಳಬಹುದು, ಅವನು ಕ್ಷಮಿಸಬಹುದು. ಆದರೆ ತಮಗೂ ಕಂಡಿದೆಯೆಂದು ಹೇಳಿದ್ದ ಆ ಅಧಿಕಾರಿಯು ಆಸ್ಪತ್ರೆಗೆ ಬಂದು ಅವನ ಹಾಸಿಗೆಯ ಬಳಿಯಲ್ಲಿ ನಿಂತರೆ, ಯಾವ ಮಾತಿನಿಂದ ಆರಂಭಿಸುವನು?